ನೆತ್ರ್ ಮಾಸ್ಟ್ರ ಎಡಬದಿ

ಅವರ ಬಲಗೈಯ ಮೂರು ಬೆರಳುಗಳ ತುದಿ ಯಾವಾಗಲೂ ನೇರಳೆ ಬಣ್ಣ. ಈಗಷ್ಟೇ ನೇರಳೆಹಣ್ಣು ಹಿಸುಕಿ ಬಂದ ಮಕ್ಕಳ ಬೆರಳಿನ ಹಾಗೆ. ಗಾಜಿನ ಸ್ಲೈಡಿನ ಮೇಲೆ ಹಚ್ಚಿದ ರಕ್ತಕ್ಕೆ ಹಾಕುವ ಬಣ್ಣ ಅದು. ಸೋಪು, ಹುಣಸೆಹುಳಿ, ಲಿಂಬೆಸಿಪ್ಪೆ, ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಇವರು ಅನ್ನ ಕಲಸುವುದನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಇವರು ಮಾತ್ರ ಏನೂ ಗೊತ್ತಿಲ್ಲದವರಂತೆ ಸಾರು ಸುರಿದುಕೊಂಡು ಉಣ್ಣುತ್ತಿದ್ದರು.

ನಮ್ಮ ಕಡೆಯಲ್ಲಿ ನೆತ್ತರಿಗೆ ನೆತ್ರ್ ಎನ್ನುತ್ತಾರೆ, ಅವರಿಗೆ ನೆತ್ರ್ ಮಾಸ್ಟ್ರು ಎಂದೇ ಹೆಸರು. ಶಾಲೆಯ ಮಾಸ್ಟ್ರಲ್ಲ. ಕುಂದಾಪುರದ ಹತ್ತಿರದ ಒಂದು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತು, ಜ್ವರದವರ ನೆತ್ತರಲ್ಲಿ ಮಲೇರಿಯಾ ಇದೆಯೋ ಇಲ್ಲವೋ ಎಂದು ಹುಡುಕಿದವರು. ದೋಣಿಗೆ ಹೋಗುವವರು, ಮುಂಬಯಿಯ ಹೋಟೆಲಿನಿಂದ ಜ್ವರ ಹೊತ್ತು ಊರಿಗೆ ಬಂದವರು, ಅಮಾಸೆಬೈಲಿನ ತೋಟದ ಕೆಲಸದವರು, ಯಾರ ಬೆರಳಿಗೆ ಸೂಜಿ ಚುಚ್ಚಿದರೂ ಆ ಹನಿ ಕೊನೆಗೆ ಬಂದು ಸೇರುತ್ತಿದ್ದದ್ದು ಅವರ ಕಣ್ಣ ಕೆಳಗೆ.

ಹಟ್ಟಿಯಂಗಡಿ ಕಡೆಯ, ತಲೆತಲಾಂತರದಿಂದ ದೇವಸ್ಥಾನದ ಅಡುಗೆ ಕೆಲಸ ಮಾಡಿಕೊಂಡು ಬಂದ ಮನೆತನ ಅವರದು. ಕಂಡವರ ನೆತ್ತರು ಮುಟ್ಟುವ ಕೆಲಸಕ್ಕೆ ಹೋದನಲ್ಲ ಎಂದು ಮನೆಯಲ್ಲಿ ಬೇಸರವಿತ್ತಂತೆ. ತಾಯಿ ಬದುಕಿರುವಷ್ಟು ಕಾಲ ಸಂಜೆ ಬಾವಿಕಟ್ಟೆಯಲ್ಲಿ ಎರಡು ಕೊಡ ಸುರಿದುಕೊಳ್ಳದೆ ಅವರು ಒಳಗೆ ಹೋಗುವಂತಿರಲಿಲ್ಲ. ತಲ್ಲೂರಿನಲ್ಲಿ ತಮ್ಮದೇ ಮನೆ ಕಟ್ಟಿಕೊಂಡ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಕೇಳಿದರೆ, "ಹೊತ್ತ್ ಕಂತುವಾಗ ತಣ್ಣೀರ್ ಮೀಂದ್ರೆ ಕಣ್ಣಿಗ್ ಒಳ್ಳೇದ್" ಎನ್ನುತ್ತಿದ್ದರು. ಕಣ್ಣಿನ ಮೇಲೆ ಅವರಿಗೆ ಅಷ್ಟು ಕಾಳಜಿ.

ನಾನು ಅವರನ್ನು ಮೊದಲು ನೋಡಿದ್ದು ನನ್ನ ಅಣ್ಣನ ಜ್ವರದ ದೆಸೆಯಿಂದ. ನಮ್ಮ ಮನೆ ಗಂಗೊಳ್ಳಿಯಲ್ಲಿ. ಅಪ್ಪಯ್ಯ ದೋಣಿಗೆ ಹೋಗುತ್ತಿದ್ದರು, ಅಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಅಣ್ಣ ಮುಂಬಯಿಯ ಕ್ಯಾಂಟೀನೊಂದರಲ್ಲಿ ಕೆಲಸಕ್ಕಿದ್ದವನು ಜ್ವರ ಹಿಡಿದು ಬಂದ. ಒಮ್ಮೆ ರಕ್ತ ನೋಡಿ ಮಲೇರಿಯಾ ಅಲ್ಲ ಎಂದಾಗಿತ್ತು. ಟೈಫಾಯ್ಡ್ ಎಂದು ಔಷಧಿ ನಡೆಯುತ್ತಿತ್ತು. ಆರನೆಯ ದಿನ ಅವನು ಅಮ್ಮನ ಗುರುತು ಹಿಡಿಯಲಿಲ್ಲ. ರಿಕ್ಷಾದಲ್ಲಿ ಹಾಕಿಕೊಂಡು ಆರೋಗ್ಯ ಕೇಂದ್ರಕ್ಕೆ ತಂದೆವು.

ಮಾಸ್ಟ್ರು ಬಂದು ಅವನ ಹಣೆ ಮುಟ್ಟಿದರು. "ಮೊದ್ಲ್ ನೆತ್ರ್ ತೆಗ್ದದ್ ಜ್ವರ ಇಳ್ದ್ ಹೊತ್ತಿಗ್ ಇರ್ಕ್. ಇನ್ನೊಂದ್ ಸಲ ಕಾಂಬ" ಎಂದು ಬೆರಳು ಚುಚ್ಚಿ ಎರಡು ಸ್ಲೈಡು ಮಾಡಿಕೊಂಡು ಒಳಗೆ ಹೋದರು. ಹೋದವರು ಹೋದವರೇ. ಊಟದ ಹೊತ್ತಾಯಿತು, ಕೇಂದ್ರದ ಬಾಗಿಲು ಅರ್ಧ ಎಳೆದರು, ಅವರು ಏಳಲಿಲ್ಲ. ನಾನು ಕಿಟಕಿಯಿಂದ ಇಣುಕಿದೆ. ಬಲಗಣ್ಣು ಕೊಳವೆಗೆ ಹಚ್ಚಿ, ಎಡಗಣ್ಣು ಬಿಟ್ಟುಕೊಂಡೇ, ಉಸಿರಾಡುತ್ತಾರೋ ಇಲ್ಲವೋ ಎಂಬ ಹಾಗೆ ಕೂತಿದ್ದರು. ಮೂರು ಗಂಟೆಯ ಸುಮಾರಿಗೆ ಹೊರಗೆ ಬಂದರು.

"ಅಬ್ಬೇ, ಕಳ್ಳ ಸಿಕ್ಕಿದ ಕಾಣಿ."

"ಎಂತ ಒಡ್ಯಾ?" ಎಂದಳು ಅಮ್ಮ, ಏನೂ ಅರ್ಥವಾಗದೆ.

"ಮಲೇರಿಯಾ. ಅದ್ರಗೂ ತಲಿಗ್ ಏರೂ ಜಾತಿದ್. ಈಗ್ಳೇ ಮದ್ದ್ ಶುರು ಮಾಡಿರೆ ಹುಡ್ಗ ಉಳಿತ."

ಅಣ್ಣ ಉಳಿದ.

ಅವನು ಎದ್ದು ಓಡಾಡುವ ಹಾಗಾದ ಮೇಲೆ ಅಮ್ಮ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಸಿಕ್ಕಿದ ದೊಡ್ಡದೊಂದು ಅಂಜಲ್ ಮೀನನ್ನು ಬಾಳೆಲೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿ ತಲ್ಲೂರಿಗೆ ಹೋದಳು. ಅವರದು ಮೀನು ತಿನ್ನದ ಮನೆ ಎನ್ನುವುದು ಅವಳ ತಲೆಗೇ ಹೋಗಿರಲಿಲ್ಲ. ಬಾಗಿಲು ತೆರೆದ ಮಾಸ್ಟ್ರ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಮಾಸ್ಟ್ರು ಬಂದು ನೋಡಿದರು.

"ಅಬ್ಬೇ, ನಾವ್ ಇದನ್ನ್ ತಿಂಬೋರಲ್ಲ."

ಅಮ್ಮನ ಮುಖ ಕಪ್ಪಿಟ್ಟಿತು. "ತಪ್ಪಾಯ್ತ್ ಒಡ್ಯಾ, ಗೊತ್ತಾಯ್ಲಿಲ್ಲೆ" ಎಂದು ಬುಟ್ಟಿ ಎತ್ತಿಕೊಳ್ಳಹೋದಳು. ಅವಳ ಮನಸ್ಸು ಮುರಿಯಬಾರದೆಂದು ಇವರು ತಡೆದರು.

"ಕೊಡ್ಕ್ ಅಂತ ಇದ್ರೆ ಬೇರೆ ಎಂತಾರೂ ಕೊಡಿ. ಈ ಹೆಣ್ಣ್ ಎಂತ ಮಾಡತ್ತ್?"

"ಪಿಯುಸಿ ಮುಗ್ಸಿತ್. ಈಗ ಮನೆಯಗೇ ಇತ್ತ್."

"ಹಾಂಗಾರೆ ಈ ಹೆಣ್ಣನ್ನೇ ಕೊಟ್ಟ್ ಬಿಡಿ."

ಅಮ್ಮ ಗಾಬರಿಯಿಂದ ನನ್ನ ರಟ್ಟೆ ಹಿಡಿದುಕೊಂಡಳು. ಮೂಗು ಮುಚ್ಚಿಕೊಂಡಿದ್ದ ಹೆಂಡತಿ ಸೆರಗು ಬಿಟ್ಟು ಜೋರಾಗಿ ನಕ್ಕುಬಿಟ್ಟರು. "ಕೆಲ್ಸ ಕಲ್ಸೂಕ್ ಮಾರಾಯ್ರೆ!" ಎಂದರು ಮಾಸ್ಟ್ರು, ತಾವೂ ನಗುತ್ತಾ. "ನನ್ ಹೊಟ್ಟೆಗ್ ಹುಟ್ಟಿದ್ ಯಾರೂ ಇಲ್ಲೆ. ಈ ಕೆಲ್ಸ ನನ್ ಸಂಗಡ ಸುಡೂದ್ ಬ್ಯಾಡ."

ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಅರ್ಜಿ ತುಂಬಿಸಿದ್ದು ಅವರು, ಕೋರ್ಸು ಮುಗಿದ ಮೇಲೆ ತಮ್ಮ ಕೇಂದ್ರದಲ್ಲೇ ಗುತ್ತಿಗೆಯ ಕೆಲಸಕ್ಕೆ ಹಾಕಿಸಿದ್ದೂ ಅವರು. ಅಲ್ಲಿಂದ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ ಕೂತೆವು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಹೆಣ್ಣೆ" ಎಂದರೆ ನಾನೇ.

ಅವರ ಲ್ಯಾಬಿನಲ್ಲಿ ಫ್ಯಾನು ಹಾಕುವಂತಿರಲಿಲ್ಲ. ಒಣಗುತ್ತಿರುವ ಸ್ಲೈಡಿನ ಮೇಲೆ ಧೂಳು ಕೂರುತ್ತದೆ. ಚೈತ್ರ, ವೈಶಾಖದ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂರಬೇಕು. ನೊಣ ಕಂಡರೆ ಅವರಿಗೆ ಎಲ್ಲಿಲ್ಲದ ಸಿಟ್ಟು. ಹಸಿ ನೆತ್ತರನ್ನು ನೊಣ ನೆಕ್ಕಿ ಹೋದರೆ ರೋಗಿಯ ಜೀವವೇ ಹೋದಂತೆ ಅರಚುತ್ತಿದ್ದರು. ಸ್ಲೈಡಿನ ಮೇಲೆ ಮೊದಲು ನಂಬರು ಬರೆಯಬೇಕು, ಆಮೇಲೆ ನೆತ್ತರು ಹಚ್ಚಬೇಕು. "ಗಾಜಿನ್ ಮೇಲ್ ಬಂದ್ರೆ ಎಲ್ಲ್ರ್ ನೆತ್ರೂ ಒಂದೇ. ನಂಬರ್ ತಪ್ಪಿರೆ ಯಾರ್ದ್ ಅಂತ ದೇವ್ರಿಗೂ ಗೊತ್ತಾತಿಲ್ಲೆ" ಎನ್ನುತ್ತಿದ್ದರು. ಸ್ಲೈಡಿನಲ್ಲಿ ನೂರು ಜಾಗ ನೋಡದೆ ಮಲೇರಿಯಾ ಇಲ್ಲ ಎಂದು ಬರೆಯಬಾರದು ಎನ್ನುವುದು ಎಲ್ಲರಿಗೂ ಇರುವ ನಿಯಮವೇ. ಆದರೆ ನಿಜವಾಗಿ ನೂರು ಎಣಿಸಿ ನೋಡುತ್ತಿದ್ದವರನ್ನು ನಾನು ಕಂಡದ್ದು ಅವರೊಬ್ಬರನ್ನೇ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಬೈಂದೂರಿನಿಂದ ಬಂದ ಒಬ್ಬ ಬೋಟಿನ ಕೆಲಸಗಾರನ ಸ್ಲೈಡನ್ನು ಅವಸರದಲ್ಲಿ ನೋಡಿ ಇಲ್ಲ ಎಂದು ಬರೆದು ಕಳಿಸಿದ್ದೆ. ಮಧ್ಯಾಹ್ನ ಮಾಸ್ಟ್ರು ಅದನ್ನೇ ಮತ್ತೆ ನೋಡಿದರು. ಏನೂ ಬೈಯಲಿಲ್ಲ. ಮಾತ್ರೆಗಳನ್ನು ಲಕೋಟೆಗೆ ಹಾಕಿಕೊಂಡು, "ಬಾ, ಬೈಂದೂರಿಗ್ ಹೋಪ" ಎಂದರು. ಬಸ್ಸಿನಲ್ಲಿ ಹೋಗಿ, ದಡದಲ್ಲಿ ವಿಚಾರಿಸಿ, ಬಲೆ ರಾಶಿಯ ಮೇಲೆ ನಡುಗುತ್ತಾ ಮಲಗಿದ್ದ ಅವನನ್ನು ಹುಡುಕಿದೆವು. ಮಾತ್ರೆಯನ್ನು ತಮ್ಮ ಕಣ್ಣೆದುರೇ ನುಂಗಿಸಿ, ನನ್ನ ಕಡೆ ತಿರುಗಿ, "ಇನ್ನ್ ನೀನ್ ಹೇಳ್" ಎಂದರು. ನಾನು ಅಲ್ಲಿದ್ದ ಅಷ್ಟೂ ಜನರ ಎದುರು, ನಾನು ಸರಿಯಾಗಿ ನೋಡಲಿಲ್ಲ, ತಪ್ಪಾಯಿತು ಎಂದು ಹೇಳಬೇಕಾಯಿತು. ಅಳು ಬಂದಿತ್ತು. ವಾಪಸು ಬರುವಾಗ ನನಗೆ ಶೇಂಗಾ ಪೊಟ್ಟಣ ತೆಗೆದುಕೊಟ್ಟು ಹೇಳಿದರು: "ತಪ್ಪ್ ಹೇಳ್ಕಂಡ್ರೆ ಯಾರೂ ಸಾಯ್ತಿಲ್ಲೆ. ಹೇಳ್ದೆ ಮುಚ್ಚಿಟ್ರೆ ಅಂವ ಸಾಯ್ತಿದ್ದ."

ಬರಬರುತ್ತಾ ನಮ್ಮ ಕಡೆ ಮಲೇರಿಯಾ ಕಡಿಮೆಯಾಯಿತು. ಒಂದು ಹನಿ ಹಾಕಿದರೆ ಗೀಟು ಮೂಡಿಸುವ ಕಿಟ್ಟುಗಳು ಬಂದವು. ದಿನಕ್ಕೆ ಐವತ್ತು ಸ್ಲೈಡು ನೋಡುತ್ತಿದ್ದವರು ಐದು ನೋಡುವ ಹಾಗಾಯಿತು. ಆ ಐದನ್ನೇ ಅವರು ಇಡೀ ದಿನ ನೋಡುತ್ತಿದ್ದರು. ನಿವೃತ್ತಿಗೆ ಎಂಟು ತಿಂಗಳಿತ್ತು.

ಆ ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಗಡಿಯಾರ ನೋಡಿದ್ದು ನೆನಪಿದೆ. ಅದು ನಾನು ಚಹಾ ತರುವ ಹೊತ್ತು. ಚಹಾ ತಂದು ಅವರ ಮೇಜಿನ ಎಡಮೂಲೆಯಲ್ಲಿ ಇಟ್ಟೆ.

"ಹೆಣ್ಣೆ, ಎಡ್ಗಡೆ ಅರ್ಧ ಕತ್ಲೆ ಕಾಂತಿತ್ತಲೆ. ಲೆನ್ಸಿಗ್ ಎಣ್ಣೆ ಹಿಡ್ದಿತ್ ಕಾಂತ್. ಒರ್ಸ್ ಕಾಂಬ" ಎಂದರು.

ಒರೆಸಿಕೊಟ್ಟೆ. ಇನ್ನೂ ಹಾಗೆಯೇ ಎಂದರು. ಬಲ್ಬು ಹಳತಾಯಿತೇನೋ ಎಂದು ಅದನ್ನು ಬದಲಾಯಿಸಿದೆ. ನಾನೇ ಕಣ್ಣಿಟ್ಟು ನೋಡಿದೆ. ಇಡೀ ವೃತ್ತ ಬೆಳ್ಳಗೆ, ನಿಚ್ಚಳವಾಗಿ ಕಾಣುತ್ತಿತ್ತು.

"ನಂಗ್ ಪೂರಾ ಕಾಂತ್ ಸಾರ್."

"ನಿನ್ ಕಣ್ಣ್ ಎಳೇದ್ ಮಾರಾಯ್ತಿ. ಇನ್ನೊಂದ್ ಸಲ ಒರ್ಸ್."

ಇನ್ನೊಂದು ಸಲ ಒರೆಸಿದೆ. ಸ್ಪಿರಿಟ್ಟು ಹಾಕಿ, ಮೆತ್ತಗಿನ ಕಾಗದ ತೆಗೆದುಕೊಂಡು, ನಾಲ್ಕು ಲೆನ್ಸುಗಳನ್ನೂ ಬಿಚ್ಚಿ ಒಂದೊಂದಾಗಿ ಒರೆಸಿದೆ. ಅಷ್ಟರಲ್ಲಿ ಅವರು ರಿಜಿಸ್ಟರು ನೋಡಿ ಹೊರಗಿದ್ದವರನ್ನು ಕರೆದರು, "ನಾರಾಯಣ!" ಯಾರೂ ಏಳಲಿಲ್ಲ. ಪುಸ್ತಕದಲ್ಲಿ ಇದ್ದದ್ದು ಲಕ್ಷ್ಮೀನಾರಾಯಣ ಎಂದು. ನನಗೆ ನಗು ಬಂತು. "ಸಾರ್, ಲಕ್ಷ್ಮಿಯನ್ನ್ ಎಲ್ಲ್ ಬಿಟ್ರಿ?" ಎಂದೆ. ಅವರೂ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, "ಇವತ್ತ್ ಚಾ ತರ್ಲಿಲ್ಯಾ?" ಎಂದು ಕೇಳಿದರು. ಚಹಾ ಅವರ ಎಡಗೈಯ ಪಕ್ಕದಲ್ಲೇ ಆರಿ ಕೆನೆಗಟ್ಟಿತ್ತು. ವಯಸ್ಸಾಯಿತು, ಮರೆವು ಎಂದುಕೊಂಡೆ.

ಮುಖ ಸೊಟ್ಟಗಾಗುವುದು, ಕೈ ಬೀಳುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ, ತಡಮಾಡಬೇಡಿ ಎಂಬ ಪೋಸ್ಟರು ನಮ್ಮ ಕೇಂದ್ರದ ಗೋಡೆಯಲ್ಲೇ ಇತ್ತು. ಮುಖ ನೆಟ್ಟಗಿತ್ತು. ಮಾತು ನೆಟ್ಟಗಿತ್ತು. ಕಣ್ಣಿನ ಮುಂದಿನ ಅರ್ಧ ಲೋಕ ಮಾಯವಾಗುವುದೂ ಒಂದು ಲಕ್ಷಣ ಎಂದು ಅದರಲ್ಲಿ ಬರೆದಿರಲಿಲ್ಲ. ಅಥವಾ ನಾನು ಹುಡುಕಲಿಲ್ಲ.

ಒಂದೂವರೆಗೆ ಊಟಕ್ಕೆಂದು ಎದ್ದವರ ಎಡಭುಜ ಬಾಗಿಲ ದಾರಂದಕ್ಕೆ ಬಡಿಯಿತು. ವಾಪಸು ಬಂದು ಕುರ್ಚಿಯಲ್ಲಿ ಕುಸಿದರು. ಎಡಗೈ ಮೇಜಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಬಲಗೈಯಿಂದ ಅದನ್ನು ತಡವಿ ನೋಡಿ, ಗೊಂದಲದಿಂದ ಕೇಳಿದರು: "ಹೆಣ್ಣೆ, ಇಲ್ಲ್ ಯಾರ್ದೋ ಕೈ ಇತ್ತಲೆ. ಯಾರ್ದಿದ್?"

ಅವರ ಹೆಂಡತಿಯನ್ನು ಕರೆಸಿಕೊಂಡು, ಬಾಡಿಗೆ ಕಾರು ಮಾಡಿ ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಮಾತಾಡಿಸುತ್ತಿದ್ದೆ. "ಸಾರ್, ಬ್ರಹ್ಮಾವರ ಬಂತ್, ಇನ್ನ್ ಹತ್ರ" ಎಂದೆ. ಊರಿನ ಪೇಟೆ ನಮ್ಮ ಎಡಗಡೆಗೇ ಇತ್ತು. ಅವರು ಬಲಗಡೆಗೆ ನೋಡುತ್ತಾ, "ಎಲ್ಲ್ ಬ್ರಹ್ಮಾವರ? ಬರೀ ರೋಡ್ ಇತ್ತ್" ಎಂದರು.

ಆಸ್ಪತ್ರೆಯಲ್ಲಿ ಎಳೆಯ ಪ್ರಾಯದ ಡಾಕ್ಟರೊಬ್ಬರು ಅವಸರದಲ್ಲಿ ಕೇಳಿದರು, "ಮೊದಲು ತೊಂದರೆ ಕಾಣಿಸಿದ್ದು ಎಷ್ಟು ಹೊತ್ತಿಗೆ? ಇದು ಬಹಳ ಮುಖ್ಯ, ಸರಿಯಾಗಿ ಹೇಳಿ." ಹೆಂಡತಿ, "ಒಂದೂವರೆಗ್ ಅಂಬ್ರ್" ಎಂದರು. ಡಾಕ್ಟರು ನನ್ನ ಮುಖ ನೋಡಿದರು. "ನೀವು ಜೊತೆಗಿದ್ದವರಲ್ಲವೇ?"

"ಬೆಳಿಗ್ಗೆ ಹತ್ತು ಗಂಟೆಗೆ" ಎಂದೆ. "ಎಡಗಡೆ ಕಾಣುವುದಿಲ್ಲ ಎಂದಿದ್ದರು."

ಡಾಕ್ಟರ ಪೆನ್ನು ನಿಂತಿತು. ಮೆದುಳಿನಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಚುಚ್ಚುಮದ್ದಿದೆ, ಅದಕ್ಕೆ ನಾಲ್ಕೂವರೆ ಗಂಟೆಯ ಗಡುವಿದೆ, ಗಡುವು ದಾಟಿದ ಮೇಲೆ ಕೊಟ್ಟರೆ ರಕ್ತಸ್ರಾವವಾಗಿ ಜೀವಕ್ಕೇ ಅಪಾಯ ಎಂದು ಸಮಾಧಾನದಿಂದಲೇ ವಿವರಿಸಿದರು. ಗೋಡೆಯ ಗಡಿಯಾರದಲ್ಲಿ ಮೂರೂವರೆ. ಅವರು ಆಚೆ ಹೋದ ಮೇಲೆ ಮಾಸ್ಟ್ರ ಹೆಂಡತಿ ನನ್ನ ಕಡೆ ತಿರುಗಿದರು.

"ಹತ್ತ್ ಗಂಟೆಯಿಂದ ಗೊತ್ತಿತ್ತಾ ಮಗಾ ನಿಂಗೆ?"

"ಗೊತ್ತಿರ್ಲಿಲ್ಲ ಅಮ್ಮ. ಲೆನ್ಸ್ ಒರ್ಸ್ತಿದ್ದೆ."

ಅವರು ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಜೀವ ಉಳಿಯಿತು. ಎಡಗೈ ಬರಲಿಲ್ಲ, ಎಡಗಾಲು ಎಳೆದುಕೊಂಡು ನಡೆಯುವಷ್ಟು ಬಂತು. ಕಣ್ಣಿಗೆ ಏನೂ ಆಗಿಲ್ಲ, ಕಂಡದ್ದನ್ನು ಅರಿಯುವ ಮೆದುಳಿನ ಭಾಗ ಸತ್ತಿದೆ ಎಂದರು. ಎರಡು ಕಣ್ಣಿಗೂ ಎಡಬದಿಯ ಅರ್ಧ ಇಲ್ಲ. ಕೆಲಸ ಅಲ್ಲಿಗೇ ನಿಂತಿತು. ಊಟದ ಅಗಲ ಬಟ್ಟಲಿನಲ್ಲಿ ಅನ್ನ ಹಾಕಿಕೊಟ್ಟರೆ ಬಲಗಡೆಯ ಅರ್ಧ ಉಂಡು, "ಇಷ್ಟೇಯಾ ಬಡ್ಸಿದ್?" ಎಂದು ಕೇಳುತ್ತಿದ್ದರು. ಹೆಂಡತಿ ಮಾತಾಡದೆ ಬಟ್ಟಲು ತಿರುಗಿಸಿಡುತ್ತಿದ್ದರು. ಆಗ ಉಳಿದರ್ಧ ಉಣ್ಣುತ್ತಿದ್ದರು. ದಿನಕ್ಕೆ ಎರಡು ಹೊತ್ತು ನಡೆಯುವ ಈ ಕೆಲಸವನ್ನು ನಾನು ಪ್ರತಿ ಭಾನುವಾರ ಕೂತು ನೋಡುತ್ತಿದ್ದೆ. ನನ್ನ ಕುರ್ಚಿಯನ್ನು ಹೆಂಡತಿ ಯಾವಾಗಲೂ ಅವರ ಬಲಗಡೆಗೇ ಹಾಕುತ್ತಿದ್ದರು. ಮಾಸ್ಟ್ರು ಲ್ಯಾಬಿನ ಸುದ್ದಿ ಕೇಳುತ್ತಿದ್ದರು. ಎಷ್ಟು ಸ್ಲೈಡು, ಯಾರಿಗೆ ಬಂತು, ನೊಣದ ಕಾಟ ಹೇಗಿದೆ ಎಂದು. ಅವರು ನಕ್ಕರೂ ನನಗೆ ನಗು ಬರುತ್ತಿರಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಒಂದು ಭಾನುವಾರ ಹೋದಾಗ ಅವರು ಗಡ್ಡ ಹೆರೆಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದರು. ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಚೂರು. ಅವರಿಗೆ ಸಾಲಿನ ಮೊದಲು ಕಾಣದ ಕಾರಣ ದಿನಾ ಬೆಳಿಗ್ಗೆ ಹೆಂಡತಿಯೇ ಪತ್ರಿಕೆ ಓದಿ ಹೇಳುತ್ತಿದ್ದರು. ಇದನ್ನು ಮೂರು ಸಲ ಓದಿಸಿಕೊಂಡಿದ್ದರಂತೆ.

"ಓದ್ ಹೆಣ್ಣೆ. ಜೋರಾಗ್ ಓದ್."

ಮಲೇರಿಯಾಕ್ಕೆ ಹಿಂದಿನಿಂದ ಕೊಡುತ್ತಿದ್ದ ಹಳೆಯ ಔಷಧಿಯೊಂದು ಪಾರ್ಶ್ವವಾಯುವಿಗೂ ಆದೀತೇ ಎಂದು ಹೊರದೇಶದಲ್ಲಿ ಪರೀಕ್ಷಿಸುತ್ತಿದ್ದಾರೆ, ಪ್ರಾಣಿಗಳಲ್ಲಿ ಆಸೆ ಹುಟ್ಟಿಸುವ ಫಲ ಸಿಕ್ಕಿದೆ, ಇಷ್ಟೇ ಸುದ್ದಿ. ಮನುಷ್ಯರ ಮೇಲಿನ ಪರೀಕ್ಷೆ ಇನ್ನೂ ಆಗಬೇಕಿದೆ ಎಂದು ಕೊನೆಯ ಸಾಲಿನಲ್ಲಿತ್ತು. ನಾನು ಕೊನೆಯ ಸಾಲನ್ನೂ ಓದಿದೆ. ಅವರು ಕೇಳಿಸಿಕೊಳ್ಳಲಿಲ್ಲ.

"ನಮ್ದೇ ಮಾತ್ರೆ ಹೆಣ್ಣೆ! ಎಷ್ಟ್ ಜನ್ರಿಗ್ ನುಂಗ್ಸಿದ್ದೆ ನಾನ್! ಮೂವತ್ತ್ ವರ್ಷ ನನ್ ಕೈಯಗೇ ಇತ್ತ್, ನಂಗೇ ಗೊತ್ತಿರ್ಲಿಲ್ಲೆ ಕಾಣ್." ಅವರ ಧ್ವನಿ ಮಗುವಿನಂತಾಗಿತ್ತು. "ಒಂದ್ ಹದ್ನಾಲ್ಕ್ ದಿನದ್ದ್ ತಂದ್ ಕೊಡ್. ಕೈ ಬ್ಯಾಡ, ಕಾಲ್ ಬ್ಯಾಡ. ಲೆನ್ಸಿನಗ್ ಆ ರೌಂಡ್ ಇತ್ತಲೆ, ಅದ್ ಒಂದ್ ಸಲ ಪೂರಾ ಕಾಣ್ಕ್ ನಂಗೆ."

ನೂರು ಜಾಗ ನೋಡದೆ ಒಂದು ಅಕ್ಷರ ಬರೆಯದಿದ್ದ ಮನುಷ್ಯ ಒಂದು ಚೂರು ಕಾಗದವನ್ನು ದೇವರ ಪ್ರಸಾದದಂತೆ ಹಿಡಿದುಕೊಂಡಿದ್ದರು. ನಾನು ಆಗುವುದಿಲ್ಲ ಎನ್ನಬೇಕಿತ್ತು. "ಡಾಕ್ಟ್ರನ್ನ್ ಕೇಂತೆ ಸಾರ್" ಎಂದೆ. ಲೆನ್ಸು ಒರೆಸುತ್ತಾ ಕೂತದ್ದು ಒಂದಾದರೆ, ಇದು ಅವರ ವಿಷಯದಲ್ಲಿ ನಾನು ಮಾಡಿದ ಎರಡನೆಯ ತಪ್ಪು. ಮುಂದಿನ ಭಾನುವಾರದವರೆಗೆ ಅವರು ಆ ಮಾತನ್ನೇ ನಂಬಿಕೊಂಡು ಕೂತರು. ಹೆಂಡತಿ ಹೇಳಿದರು, ದಿನಾ ಬೆಳಿಗ್ಗೆ ಎದ್ದು ಎಡಗೈಯನ್ನು ಬಲಗೈಯಿಂದ ತಿಕ್ಕಿ ಬಿಸಿ ಮಾಡುತ್ತಿದ್ದಾರೆ, ಮದ್ದು ಬಂದಾಗ ತಯಾರಿರಬೇಕಂತೆ ಎಂದು.

ಅವರ ಕಾಗದಪತ್ರ ತೆಗೆದುಕೊಂಡು ರಜೆ ಹಾಕಿ ಅದೇ ದೊಡ್ಡ ಆಸ್ಪತ್ರೆಗೆ ಹೋದೆ. ನರರೋಗದ ಡಾಕ್ಟರು ಎಲ್ಲವನ್ನೂ ತಾಳ್ಮೆಯಿಂದ ನೋಡಿದರು.

"ಅಲ್ಲಿ ನೋಡುತ್ತಿರುವುದು ಪ್ರಾಣಿಗಳಲ್ಲಿ. ಇವರದು ಎರಡು ವರ್ಷದ ಹಳೆಯ ಗಾಯ, ಅಲ್ಲಿ ಸತ್ತಿದ್ದು ಸತ್ತಿದೆ. ಮೇಲಾಗಿ ಇವರ ಹೃದಯದ ಬಡಿತ ಮೊದಲೇ ಸರಿಯಿಲ್ಲ. ಮಲೇರಿಯಾ ಮಾತ್ರೆಗಳಲ್ಲಿ ಕೆಲವು ಅದನ್ನು ಇನ್ನೂ ಕೆಡಿಸುತ್ತವೆ. ದಯವಿಟ್ಟು ಕೊಡಬೇಡಿ."

"ಮುಂದೆ ಎಂದಾದರೂ ಸಾರ್?"

"ಮುಂದೆ ಯಾರಿಗಾದರೂ ಆಗಬಹುದು, ನನಗೂ ಆಸೆ ಇದೆ. ಇವರಿಗಲ್ಲ."

ಹಿಂದೆ ಬರುವ ಬಸ್ಸಿನಲ್ಲಿ ಆ ಮಾತನ್ನು ಹೇಗೆಲ್ಲ ಮೆತ್ತಗೆ ಹೇಳಬಹುದು ಎಂದು ಯೋಚಿಸಿದೆ. ಮೆತ್ತಗೆ ಹೇಳುವ ದಾರಿ ಇರಲಿಲ್ಲ. ಭಾನುವಾರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕಾಗದದ ಚೂರನ್ನು ತೊಡೆಯ ಮೇಲೆ ಹಾಸಿ ಬಲಗೈಯಿಂದ ಸವರಿದರು. ಆಮೇಲೆ, "ನೀ ತಪ್ಪೀಸ್ಕಂತಿದ್ದೆ" ಎಂದರು. "ಸ್ಟೋರಿನಗ್ ಮಾತ್ರೆ ಇತ್ತ್. ನಂಗ್ ಗೊತ್ತಿತ್ತ್. ನಿಂಗ್ ಭಯ."

"ಹೌದ್ ಸಾರ್, ಭಯವೇ. ನಿಮ್ಗ್ ಎಂತಾರೂ ಆದ್ರೆ?"

"ಅವತ್ತ್ ಭಯ ಇರ್ಲಿಲ್ಲ ನಿಂಗೆ. ಅವತ್ತ್ ಆರಾಮಗ್ ಲೆನ್ಸ್ ಒರ್ಸ್ತಾ ಕೂಕಂಡಿದ್ದೆ."

ಒಳಗಿಂದ ಬರುತ್ತಿದ್ದ ಹೆಂಡತಿ ಬಾಗಿಲಲ್ಲೇ ನಿಂತರು. "ಎಂಥ ಮಾತ್ ನಿಮ್ದ್! ಒರ್ಸ್ ಅಂದದ್ ನೀವೇ ಅಲ್ದಾ?" ಮಾಸ್ಟ್ರು ಕಾಗದದ ಚೂರನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಗೋಡೆಯ ಕಡೆಗೆ ತಿರುಗಿದರು. ಅವರು ಸುಳ್ಳು ಹೇಳಿರಲಿಲ್ಲ. ಎರಡು ವರ್ಷದಿಂದ ನನಗೆ ನಾನೇ ದಿನಾ ಹೇಳಿಕೊಳ್ಳುತ್ತಿದ್ದ ಮಾತು ಅದು. ಅವರ ಬಾಯಿಂದ ಬಂದದ್ದಷ್ಟೇ ಹೊಸದು.

ಒಮ್ಮೆ ನಾನು ಮಾತ್ರೆಯ ಪಟ್ಟಿಯೊಂದನ್ನು ಸ್ಟೋರಿನಿಂದ ತೆಗೆದು ಚೀಲದಲ್ಲಿ ಹಾಕಿಕೊಂಡು ತಲ್ಲೂರಿಗೆ ಹೋದೆ. ಇದನ್ನು ಯಾರಿಗೂ ಹೇಳಿಲ್ಲ. ಕೊಟ್ಟುಬಿಡುವುದು, ಏನಾಗುತ್ತದೋ ಆಗಲಿ, ಆ ಸಿಟ್ಟಾದರೂ ಇಳಿಯಲಿ ಎಂದು. ಗೇಟಿನ ಹತ್ತಿರ ಬರುವಾಗ ಅವರು ಜಗಲಿಯಲ್ಲಿ ಉಣ್ಣುತ್ತಿದ್ದರು. ಹೆಂಡತಿ ಬಟ್ಟಲು ತಿರುಗಿಸಿಟ್ಟರು. ಅವರು ತಲೆಯೆತ್ತದೆ ಉಂಡರು. ಈ ಹೆಂಗಸಿಗೆ ಬಟ್ಟಲು ತಿರುಗಿಸುವುದಕ್ಕಾದರೂ ಒಬ್ಬರು ಉಳಿಯಲಿ ಎನಿಸಿತು. ಗೇಟು ತೆರೆಯದೆ ವಾಪಸು ಬಂದೆ. ಸೋಮವಾರ ಪಟ್ಟಿ ಸ್ಟೋರಿಗೆ ಸೇರಿತು.

ಲೆನ್ಸಿನ ಮಾತು ಆಡಿದ ಆ ಭಾನುವಾರದಿಂದಾಚೆ ಅವರು ನನ್ನ ಜೊತೆ ಮಾತಾಡಲಿಲ್ಲ. ಲ್ಯಾಬಿನ ಸುದ್ದಿ ಕೇಳಲಿಲ್ಲ. ನಾನು ಹೋಗಿ ಬಲಗಡೆ ಕೂತರೆ ಕಣ್ಣು ಮುಚ್ಚುತ್ತಿದ್ದರು. ನನ್ನನ್ನು ಕಂಡು ಅವರಿಗೆ ಹಿಂಸೆಯಾಗುವುದು ಬೇಡ, ನನಗೆ ಬರದೆ ಇರುವುದಕ್ಕೂ ಆಗುವುದಿಲ್ಲ ಎಂದು ಕುರ್ಚಿಯನ್ನು ಅವರ ಎಡಗಡೆಗೆ ಹಾಕಿಕೊಳ್ಳತೊಡಗಿದೆ. ಅಲ್ಲಿ ಕೂತರೆ ಅವರ ಪಾಲಿಗೆ ನಾನು ಇಲ್ಲ. ಒಂದು ಮಾತಿಲ್ಲದೆ ಬರುತ್ತಿದ್ದೆ, ಒಂದು ಗಂಟೆ ಕೂತು ಹೋಗುತ್ತಿದ್ದೆ. ಹೆಂಡತಿ ನೋಡಿ ಕಣ್ಣೊರೆಸಿಕೊಂಡರು, ಬೇಡ ಎನ್ನಲಿಲ್ಲ.

ಆ ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಉಂಡದ್ದು ನೆತ್ತಿಗೆ ಹತ್ತುತ್ತಿತ್ತು, ಎದೆಯಲ್ಲಿ ಕಫ ಕಟ್ಟಿತು. ಒಮ್ಮೆ ಆಸ್ಪತ್ರೆಗೆ ಹೋಗಿ ಬಂದರು, ಇನ್ನೊಮ್ಮೆ ಬೇಡವೆಂದರು.

ಕೊನೆಯ ಭಾನುವಾರ. ಮಧ್ಯಾಹ್ನ ಮಳೆ ಹೊಳವಾಗಿತ್ತು. ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ನಾನು ಸದ್ದಿಲ್ಲದೆ ಒಳಗೆ ಬಂದು ಮಂಚದ ಎಡಗಡೆ ಕೂತಿದ್ದೆ. ಅವರಿಗೆ ಎಚ್ಚರವಿತ್ತು. ಮಾಡಿನ ಹಂಚು ನೋಡುತ್ತಾ ಮಲಗಿದ್ದವರು ಬಲಗಡೆಗೆ ಕತ್ತು ಹೊರಳಿಸಿ ಖಾಲಿ ಕೋಣೆಯನ್ನು ನೋಡಿದರು. ಆಮೇಲೆ ಕ್ಷೀಣವಾಗಿ, ಆದರೆ ಸ್ಪಷ್ಟವಾಗಿ ಕೇಳಿದರು:

"ಹೆಣ್ಣ್ ಬರ್ಲಿಲ್ಯಾ ಇವತ್ತ್?"

ನಾನು ಅವರ ಎಡಗೈಯಿಂದ ಒಂದು ಗೇಣು ದೂರದಲ್ಲಿದ್ದೆ. ಎದ್ದು ಮಂಚ ಸುತ್ತಿ ಆಚೆ ಬದಿಗೆ ಹೋಗಿದ್ದರೆ ಆಗುತ್ತಿತ್ತು. ಹೋಗುವುದೂ ಬೇಡ, ಬಾಯಿ ತೆರೆದಿದ್ದರೆ ಸಾಕಿತ್ತು. ಕಿವಿ ಸರಿಯಾಗಿಯೇ ಇತ್ತು. ಕರೆಯುತ್ತಿರುವುದು ಯಾಕೋ, ಮತ್ತೆ ಅದೇ ಮಾತು ಹೇಳುವುದಕ್ಕೋ, ಬೇರೆ ಏನಾದರೂ ಹೇಳುವುದಕ್ಕೋ ಗೊತ್ತಾಗಲಿಲ್ಲ. ಅದೇ ಮಾತಾದರೆ ನನ್ನಿಂದ ತಡೆಯುವುದಕ್ಕಾಗುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಕೂತೆ.

ಅವರು ಕಾದರು. ಹಿತ್ತಲಲ್ಲಿ ಬಟ್ಟೆ ಕಲ್ಲಿಗೆ ಬಡಿಯುವ ಸದ್ದು ಬರುತ್ತಿತ್ತು. "ಇನ್ನ್ ಬತ್ತಿಲ್ಲೆ ಕಾಂತ್" ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡು ಕಣ್ಣು ಮುಚ್ಚಿದರು.

ಮಂಗಳವಾರ ಬೆಳಿಗ್ಗೆ ತೀರಿಕೊಂಡರು.

ಅಣ್ಣನ ಜೀವ, ನನ್ನ ಓದು, ನಾನು ಇಂದಿಗೂ ಉಣ್ಣುವ ಅನ್ನ, ಎಲ್ಲ ಅವರದು. ಅವರು ಇಷ್ಟು ವರ್ಷದಲ್ಲಿ ನನ್ನಿಂದ ಕೇಳಿದ್ದು ಎರಡೇ. ಒಂದನ್ನು ಕೊಡುವುದು ನನ್ನ ಕೈಯಲ್ಲಿರಲಿಲ್ಲ. ಇನ್ನೊಂದಕ್ಕೆ, "ಇಲ್ಲೇ ಇದ್ದೆ ಸಾರ್" ಎಂದರೆ ಸಾಕಿತ್ತು.